ವೀರಗಲ್ಲು ಮತ್ತು ಆಯಮ್ಮನ ಕಪ್

ನಾನು ಹುಟ್ಟಿದ್ದು ಮಾಲೂರಿನಲ್ಲಿ, ಕೊಟ್ಟಿದ್ದು ಕೋಲಾರಕ್ಕೆ, ಮೊದಲ ನೌಕರಿ ಮುಳಬಾಗಿಲು ತಾಲ್ಲೂಕಿನಲ್ಲಿ, ಈಗ ಇಪ್ಪತ್ತು ವರ್ಷದ ಮೇಲಾಯಿತು ಶ್ರೀನಿವಾಸಪುರದ ಕಡೆ ಪಾಠ ಹೇಳುತ್ತಿದ್ದೇನೆ. ಹೆಂಚಿನ ಊರಿನಿಂದ ಹೊರಟು ಮಾವಿನ ಊರು ಸೇರಿದೆ ಎಂದು ನಮ್ಮ ಯಜಮಾನರು ತಮಾಷೆ ಮಾಡುತ್ತಾರೆ. ಈ ನಾಲ್ಕು ಊರು ಬಿಟ್ಟು ನಾನು ಹೆಚ್ಚು ಕಂಡವಳಲ್ಲ. ಅಂಥವಳು ಬರೆಯುವ ಲೇಖನ ಗಾಲ್ಫ್ ಆಟದಿಂದ ಶುರುವಾಗುತ್ತದೆ ಎಂದರೆ ನನಗೇ ನಗು ಬರುತ್ತದೆ.

ನನ್ನ ಹಳೆಯ ವಿದ್ಯಾರ್ಥಿನಿಯೊಬ್ಬಳು ನ್ಯೂಜಿಲೆಂಡಿನ ರೊಟೊರುವಾ ಎಂಬ ಊರಿನ ಹತ್ತಿರ ನರ್ಸ್ ಆಗಿದ್ದಾಳೆ. ವರ್ಷಕ್ಕೆ ಎರಡು ಸಲವಾದರೂ ಫೋನ್ ಮಾಡುತ್ತಾಳೆ. 2022ರಲ್ಲಿ ಒಂದು ಭಾನುವಾರ ಮಾಡಿದವಳು, "ಮಿಸ್, ನಿನ್ನೆ ಗಾಲ್ಫ್ ಆಡಿದೆ" ಎಂದಳು. ನಾನು ಬೆಚ್ಚಿದೆ. ನಮ್ಮ ಜಿಲ್ಲೆಯವರಿಗೆ ಗಾಲ್ಫ್ ಎಂದರೆ ಕೆ.ಜಿ.ಎಫ್. 1880ರಲ್ಲಿ ಜಾನ್ ಟೇಲರ್ ಕಂಪನಿಯವರು ಅಲ್ಲಿ ಚಿನ್ನ ತೆಗೆಯಲು ಬಂದರು. 1902ರಲ್ಲಿ ಶಿವನಸಮುದ್ರದ ವಿದ್ಯುತ್ತು ಅಲ್ಲಿಗೆ ಬಂತು. ಗಣಿಯ ಜೊತೆಗೇ ದೊರೆಗಳ ಬಂಗಲೆ, ಕ್ಲಬ್ಬು, ಗಾಲ್ಫ್ ಮೈದಾನ ಎಲ್ಲವೂ ಬಂದವು. ಕೆಳಗೆ ಸುರಂಗದಲ್ಲಿ ಕೂಲಿಯವರು, ಮೇಲೆ ಹುಲ್ಲಿನಲ್ಲಿ ಕೋಲು ಹಿಡಿದ ಸಾಹೇಬರು. ಚಿಕ್ಕಂದಿನಲ್ಲಿ ನಮ್ಮ ದೊಡ್ಡಪ್ಪನ ಜೊತೆ ಅಲ್ಲಿಗೆ ಹೋದಾಗ ಬೇಲಿಯ ಆಚೆ ನಿಂತು ನೋಡಿದ್ದೆ. 2001ರ ಫೆಬ್ರವರಿ 28ರಂದು ಗಣಿ ಮುಚ್ಚಿತು. ಅದು ನಮ್ಮಂಥವರ ಆಟವಲ್ಲ ಎಂಬ ಭಾವನೆ ಮಾತ್ರ ನನ್ನಲ್ಲಿ ಹಾಗೇ ಉಳಿದಿತ್ತು.

"ಇಲ್ಲಿ ಹಂಗಲ್ಲ ಮಿಸ್, ಎಲ್ಲರೂ ಆಡ್ತಾರೆ" ಎಂದು ಅವಳು ವಿವರಿಸಿದಳು. ಅವಳ ಆಸ್ಪತ್ರೆಯಲ್ಲಿ ರೋಗಿಗಳ ಗಾಡಿ ತಳ್ಳುವ ಕೆಲಸದಲ್ಲಿ ಒಬ್ಬ ಹಿರಿಯರಿದ್ದರಂತೆ. ಆ ದೇಶದ ಮೂಲನಿವಾಸಿಗಳಾದ ಮಾವೊರಿ ಜನ. ಹೆಸರು ಹಿಡಿದು ಯಾರೂ ಕರೆಯುತ್ತಿರಲಿಲ್ಲ, ಎಲ್ಲರಿಗೂ ಅವರು "ಕೊರೊ". ಅವರ ಭಾಷೆಯಲ್ಲಿ ಹಾಗೆಂದರೆ ತಾತ. ಹೊಸದಾಗಿ ಹೋಗಿ ಅಳುತ್ತಾ ಕುಳಿತಿದ್ದ ಇವಳಿಗೆ ಮೊದಲು ಚಹಾ ತಂದುಕೊಟ್ಟವರು ಅವರೇ ಅಂತೆ. 2020ರ ಏಪ್ರಿಲ್‌ನಲ್ಲಿ ತೀರಿಕೊಂಡರು. ಮಾವೊರಿಗಳಲ್ಲಿ ಸತ್ತವರನ್ನು ಊರ ಸಭಾಮನೆಯ ಅಂಗಳಕ್ಕೆ ತಂದು, ಎರಡು ಮೂರು ದಿನ ಒಂಟಿಯಾಗಿ ಬಿಡದೆ ಜೊತೆಗಿದ್ದು, ಅತ್ತು, ಹಾಡಿ, ಅವರ ಕಥೆಗಳನ್ನು ಹೇಳಿ ನಗುವುದೂ ಉಂಟು. ಅದಕ್ಕೆ ತಂಗಿಹಂಗ ಎನ್ನುತ್ತಾರೆ. ಆದರೆ ಆ ತಿಂಗಳು ಲಾಕ್‌ಡೌನ್. ಸೇರುವಂತಿರಲಿಲ್ಲ. ಹಾಗೆ ಸುಮ್ಮನೆ ಮಣ್ಣಾದರಲ್ಲ ಎಂಬ ಕೊರಗು ಎಲ್ಲರಿಗೂ ಉಳಿಯಿತು. ಎರಡು ವರ್ಷದ ಮೇಲೆ ಮನೆಯವರೂ ಆಸ್ಪತ್ರೆಯವರೂ ಸೇರಿ, ಅವರಿಗೆ ಪ್ರಿಯವಾಗಿದ್ದ ಗಾಲ್ಫನ್ನು ಅವರ ಹೆಸರಿನಲ್ಲಿ ಒಂದು ದಿನ ಆಡಿದರು.

ನಾಲ್ಕು ನಾಲ್ಕು ಜನರ ತಂಡ. ನಾಲ್ವರೂ ಹೊಡೆಯಬೇಕು, ಯಾರ ಚೆಂಡು ಚೆನ್ನಾಗಿ ಬಿದ್ದಿದೆಯೋ ಆ ಜಾಗದಿಂದಲೇ ನಾಲ್ವರೂ ಮುಂದಿನ ಹೊಡೆತ ಹೊಡೆಯಬೇಕು. ಹೀಗಾಗಿ ಆಟ ಬಾರದವರೂ ತಂಡಕ್ಕೆ ಭಾರವಾಗುವುದಿಲ್ಲ. ಮೊದಲು ಪ್ರಾರ್ಥನೆ, ಕೊನೆಗೆ ನೆಲದಲ್ಲಿ ಗುಂಡಿ ತೋಡಿ ಕಾದ ಕಲ್ಲಿನ ಮೇಲೆ ಬೇಯಿಸಿದ ಊಟ. ಬಹುಮಾನ ಊರ ಅಂಗಡಿಯವರದು. ಉಳಿದ ಹಣ ಒಬ್ಬ ಹುಡುಗನ ಓದಿಗೆ. 2005ರಲ್ಲಿ ಟೈಗರ್ ವುಡ್ಸ್‌ನನ್ನು ಹಿಂದೆ ಹಾಕಿ ಅಮೆರಿಕದ ಓಪನ್ ಗೆದ್ದ ಮೈಕೆಲ್ ಕ್ಯಾಂಬೆಲ್ ಕೂಡ ಮಾವೊರಿ ಮೂಲದವನೇ ಎಂದು ಅವಳೇ ಹೇಳಿದಳು. ಕೊನೆಗೆ ಫೋನ್ ಇಡುವಾಗ ಕೇಳಿದಳು: "ಮಿಸ್, ನಮ್ಮ ಆಯಮ್ಮನಿಗೆ ನಾವು ಏನು ಮಾಡಿದ್ವಿ?"

ನನ್ನ ಹತ್ತಿರ ಉತ್ತರವಿರಲಿಲ್ಲ.

ಆ ರಾತ್ರಿ ನಿದ್ದೆ ಬರಲಿಲ್ಲ. ಚರಿತ್ರೆ ಪಾಠ ಮಾಡುವವಳಾದ್ದರಿಂದ ಮನಸ್ಸು ಹಿಂದಕ್ಕೆ ಹಿಂದಕ್ಕೆ ಓಡಿತು. ನಮ್ಮ ಸೀಮೆಯ ಜನ ಸತ್ತವರನ್ನು ನೆನೆಯದವರೇನಲ್ಲ. ಮುಳಬಾಗಿಲು ಕಡೆ ನಾನು ಮೊದಲ ನೌಕರಿಗೆ ಬಸ್ಸಿಳಿದು ನಡೆದು ಹೋಗುವ ದಾರಿಯಲ್ಲಿ ಒಂದು ಹೊಂಗೆ ಮರ, ಅದರ ಬುಡದಲ್ಲಿ ಅರ್ಧ ಹೂತ ಒಂದು ಕಲ್ಲು. ಕಲ್ಲಿನಲ್ಲಿ ಬಿಲ್ಲು ಹಿಡಿದ ಒಬ್ಬ ಗಂಡಾಳು, ಸುತ್ತ ಸವೆದ ಅಕ್ಷರ. ಊರವರು ಅರಿಸಿನ ಕುಂಕುಮ ಹಚ್ಚಿ ವೀರಣ್ಣ ಎನ್ನುತ್ತಿದ್ದರು. ಅವನು ಯಾರು ಎಂದರೆ ದೇವರು ಎಂದೇ ಉತ್ತರ.

ಆಮೇಲೆ ಪುಸ್ತಕ ನೋಡಿದೆ. ಬಿ.ಎಲ್. ರೈಸ್ ಅವರು ಎಪಿಗ್ರಾಫಿಯ ಕರ್ನಾಟಿಕ ಮಾಲೆಯ 10ನೆಯ ಸಂಪುಟವನ್ನು 1905ರಲ್ಲಿ ಹೊರತಂದರು. ಅದು ಪೂರ್ತಿ ನಮ್ಮ ಕೋಲಾರ ಜಿಲ್ಲೆಯದೇ. ಕೋಲಾರ, ಮುಳಬಾಗಿಲು, ಮಾಲೂರು, ಶ್ರೀನಿವಾಸಪುರ ಎಂದು ತಾಲ್ಲೂಕುವಾರು ಶಾಸನಗಳನ್ನು ಜೋಡಿಸಿದ್ದಾರೆ. ಗಂಗರು, ಬಾಣರು, ನೊಳಂಬರು ಆಳಿದ ಕಾಲದ ವೀರಗಲ್ಲುಗಳು ಅದರಲ್ಲಿ ಬೇಕಾದಷ್ಟಿವೆ. ದನಗಳನ್ನು ಹೊಡೆದುಕೊಂಡು ಹೋಗುವವರನ್ನು ತಡೆದು ಸತ್ತವರು, ಊರು ಹಾಳಾಗದಂತೆ ಕಾದು ಸತ್ತವರು. ಬಹಳ ಮಂದಿ ಸಾಮಾನ್ಯ ಊರಾಳುಗಳೇ. ರಾಜನ ಹೆಸರು ಮೊದಲು ಬರುತ್ತದೆ, ನಿಜ. ಆದರೆ ಕಲ್ಲು ನಿಂತದ್ದು ಆ ಊರಾಳಿಗಾಗಿ.

ನನಗೆ ಬಹಳ ಹಿಡಿಸಿದ್ದು ಇನ್ನೊಂದು ಸಂಗತಿ. ಕಲ್ಲು ನೆಟ್ಟು ಕೈ ತೊಳೆದುಕೊಳ್ಳುತ್ತಿರಲಿಲ್ಲ. ಸತ್ತವನ ಮನೆಯವರಿಗೆ ಭೂಮಿ ಬಿಡುತ್ತಿದ್ದರು. ಅದಕ್ಕೆ ಕಲ್ನಾಡು, ಬಾಳ್ಗಳ್ಚು, ನೆತ್ತರುಗೊಡಗೆ ಎಂದೆಲ್ಲ ಹೆಸರು. ನೆತ್ತರು ಸುರಿಸಿದ್ದಕ್ಕೆ ಕೊಟ್ಟದ್ದು ನೆತ್ತರುಗೊಡಗೆ. ಹೆಸರು ಕಲ್ಲಿಗೆ, ಅನ್ನ ಉಳಿದವರಿಗೆ. ಎರಡೂ ಸೇರಿದರೇ ಅವರ ಲೆಕ್ಕದಲ್ಲಿ ನೆನಪು. ಮಂಡ್ಯ ಜಿಲ್ಲೆಯ ಆತಕೂರಿನ ಶಾಸನ ನಿಮ್ಮಲ್ಲಿ ಕೆಲವರು ಕೇಳಿರಬಹುದು. ಕ್ರಿ.ಶ. 949-50ರದು. ಗಂಗ ದೊರೆ ಬೂತುಗನಿಂದ ಮಣಲೇರ ಎಂಬ ವೀರ ಬಹುಮಾನವಾಗಿ ಕೇಳಿ ಪಡೆದದ್ದು ಕಾಳಿ ಎಂಬ ನಾಯಿಯನ್ನು. ಅದು ಕಾಡುಹಂದಿಯ ಜೊತೆ ಹೋರಾಡಿ ಹಂದಿಯನ್ನು ಕೊಂದು ತಾನೂ ಸತ್ತಿತು. ಅದಕ್ಕೂ ಕಲ್ಲು ನಿಲ್ಲಿಸಿ, ಭೂಮಿ ಬಿಟ್ಟು, ಆ ಭೂಮಿ ನೋಡಿಕೊಳ್ಳುವವನು ಕಲ್ಲಿಗೆ ಪೂಜೆ ಮಾಡದೆ ಉಂಡರೆ ಪಾಪ ತಟ್ಟಲಿ ಎಂದು ಬರೆಸಿದರು. ಆ ಕಲ್ಲು ಈಗ ಬೆಂಗಳೂರಿನ ಸರ್ಕಾರಿ ವಸ್ತುಸಂಗ್ರಹಾಲಯದಲ್ಲಿದೆ. ಶಾಲಾ ಪ್ರವಾಸದಲ್ಲಿ ಮಕ್ಕಳಿಗೆ ತೋರಿಸಿದ್ದೇನೆ.

ಹೆಂಗಸರಿಗೂ ಕಲ್ಲುಗಳಿವೆ. ಅವು ಮಾಸ್ತಿಕಲ್ಲುಗಳು. ಗಂಡ ಸತ್ತ ಮೇಲೆ ಚಿತೆಯೇರಿದವಳ ಕಲ್ಲು. ಒಂದು ಕಂಬದಿಂದ ಚಾಚಿ ಮೇಲಕ್ಕೆ ಎತ್ತಿದ ತೋಳು, ತೋಳಿನಲ್ಲಿ ಒಡೆಯದ ಬಳೆ, ಕೈಯಲ್ಲಿ ನಿಂಬೆಹಣ್ಣು. ಕೆಲವದರಲ್ಲಿ ಮುಖವೂ ಇಲ್ಲ, ಬರೀ ತೋಳು. ಮಾಲೂರು ತಾಲ್ಲೂಕಿನ ಮಾಸ್ತಿ ಊರಿನ ಹೆಸರು ಮಹಾಸತಿ ಎಂಬ ಮಾತಿನಿಂದ ಬಂದದ್ದು ಎಂದು ನಮ್ಮ ಕಡೆ ಹೇಳುತ್ತಾರೆ. ಆ ಊರಿನ ಹೆಸರನ್ನೇ ತಮ್ಮ ಹೆಸರಿನ ಮುಂದಿಟ್ಟುಕೊಂಡ ಮಾಸ್ತಿ ವೆಂಕಟೇಶ ಅಯ್ಯಂಗಾರ್ಯರಿಗೆ 1983ರಲ್ಲಿ ಜ್ಞಾನಪೀಠ ಬಂತು. ನಾಡಿಗೆಲ್ಲ ಪ್ರೀತಿಯ ಆ ಹೆಸರಿನ ಬೇರಿನಲ್ಲಿ ಯಾವಳೋ ಸುಟ್ಟುಹೋದ ಹೆಣ್ಣುಮಗಳಿದ್ದಾಳೆ ಎಂದು ಯೋಚಿಸಿದಾಗಲೆಲ್ಲ ನನಗೆ ಮೈ ಜುಮ್ಮೆನ್ನುತ್ತದೆ.

ಒಮ್ಮೆ ಎಂಟನೆಯ ತರಗತಿಯಲ್ಲಿ ಈ ಪಾಠ ಮಾಡುತ್ತಿದ್ದೆ. ಹಿಂದಿನ ಬೆಂಚಿನ ಹುಡುಗಿಯೊಬ್ಬಳು ಎದ್ದು, "ಮಿಸ್, ಹಂಗೆ ಸಾಯದೇ ಇರೋ ಹೆಂಗಸರ ಕಲ್ಲು ಎಲ್ಲಿದೆ?" ಎಂದಳು. ಕ್ಲಾಸೆಲ್ಲ ನಕ್ಕಿತು. ನಾನೂ ನಕ್ಕು ಮುಂದಕ್ಕೆ ಹೋದೆ. ಆ ಪ್ರಶ್ನೆ ಮಾತ್ರ ಹಿಂದೆಯೇ ಉಳಿಯಿತು.

ಈಗಿನವರು ಕಲ್ಲು ನೆಡುವುದಿಲ್ಲ, ಹೆಸರಿಡುತ್ತಾರೆ. ಸಂವಿಧಾನ ರಚನಾ ಸಭೆಯಲ್ಲಿದ್ದ ಟಿ. ಚನ್ನಯ್ಯನವರ ಹೆಸರು ಕೋಲಾರದ ರಂಗಮಂದಿರಕ್ಕಿದೆ, ಕ್ರೀಡಾಂಗಣಕ್ಕೆ ವಿಶ್ವೇಶ್ವರಯ್ಯನವರದು. ಇನ್ನು ಸಾಮಾನ್ಯರ ಪಾಲಿಗೆ ಬಂದದ್ದು ಸ್ಮಾರಕ ಕಪ್. ಕೊಡಗಿನಲ್ಲಿ ಇದು ಒಂದು ಹಬ್ಬವೇ ಆಗಿದೆ. 1997ರಲ್ಲಿ ಪಾಂಡಂಡ ಕುಟ್ಟಪ್ಪನವರು ಕರಡ ಗ್ರಾಮದಲ್ಲಿ ಕೊಡವ ಕುಟುಂಬಗಳ ಹಾಕಿ ಪಂದ್ಯ ಶುರು ಮಾಡಿದರು. ಮೊದಲ ವರ್ಷ 60 ಕುಟುಂಬ, 2024ರಲ್ಲಿ 360. ಪ್ರತಿ ವರ್ಷ ಒಂದು ಮನೆತನ ಹೊಣೆ ಹೊರುತ್ತದೆ, ಕಪ್ಪಿಗೆ ಆ ಮನೆತನದ ಹೆಸರು. ಮನೆಯ ಹೆಣ್ಣುಮಕ್ಕಳೂ ಗಂಡಸರ ಜೊತೆ ತಂಡದಲ್ಲಿ ಆಡುತ್ತಾರೆ. 2020ರಲ್ಲಿ ಕುಟ್ಟಪ್ಪನವರು ಹೋದರು, ಆಟ ನಿಂತುಹೋಗಲಿಲ್ಲ.

ನಮ್ಮ ಕಡೆಯೂ ಬೇಸಿಗೆ ಬಂತೆಂದರೆ ಕೆರೆಯ ಅಂಗಳದಲ್ಲಿ ಕ್ರಿಕೆಟ್, ವಾಲಿಬಾಲ್, ಕಬಡ್ಡಿ. ಬೈಕಿನಿಂದ ಬಿದ್ದು ಹೋದ ಹುಡುಗನ ಫೋಟೋ ಫ್ಲೆಕ್ಸಿನ ಮೇಲೆ, ಅವನ ಹೆಸರಿನಲ್ಲಿ ಕಪ್. ಆ ಗೆಳೆಯರ ಪ್ರೀತಿ ದೊಡ್ಡದು, ನಾನು ಹಗುರವಾಗಿ ಹೇಳುತ್ತಿಲ್ಲ. ಆದರೆ ನಾಲ್ಕು ತಾಲ್ಲೂಕು ಸುತ್ತಿದ ನಾನು ಒಬ್ಬ ಹೆಂಗಸಿನ ಹೆಸರಿನ ಕಪ್ಪನ್ನು ಅಲ್ಲಿಯವರೆಗೆ ಕಂಡಿರಲಿಲ್ಲ.

ಆಯಮ್ಮನ ವಿಷಯಕ್ಕೆ ಬರುತ್ತೇನೆ. ನಾನು ಆ ಶಾಲೆಗೆ ಹೋಗುವ ಹೊತ್ತಿಗೆ ಆಕೆ ಅಲ್ಲಿ ಹತ್ತು ವರ್ಷ ಕಳೆದಿದ್ದರು. ದಿನಗೂಲಿ. ಗಂಟೆ ಹೊಡೆಯುವುದು, ಗುಡಿಸುವುದು, ನೀರು ತುಂಬುವುದು, ಕಕ್ಕಸು ತೊಳೆಯುವುದು ಎಲ್ಲ ಅವರದೇ. ಊರಾಚೆಯ ಕೇರಿಯಿಂದ ನಡೆದು ಬರುತ್ತಿದ್ದರು. ಅರ್ಧ ತೆಲುಗು, ಅರ್ಧ ಕನ್ನಡ. "ಏಮಮ್ಮಾ, ತಿಂದ್ಯಾ?" ಎಂದು ಪ್ರತಿ ಮಗುವನ್ನೂ ಕೇಳುತ್ತಿದ್ದರು. ತಿಂದಿಲ್ಲ ಎಂದವಳಿಗೆ ತಮ್ಮ ಮುದ್ದೆಯಲ್ಲಿ ಅರ್ಧ.

ಸ್ಟಾಫ್ ರೂಮಿನ ಮೂಲೆಯಲ್ಲಿ ಅವರದೊಂದು ತಗಡಿನ ಟ್ರಂಕು. ಅದರಲ್ಲಿ ಒಗೆದು ಮಡಿಸಿದ ಹಳೆಯ ಬಟ್ಟೆ, ಎರಡು ಲಂಗ, ಪಿನ್ನು, ಸೋಪು. ಆಮೇಲಾಮೇಲೆ ಪ್ಯಾಡಿನ ಪೊಟ್ಟಣಗಳು. ಶಾಲೆಯಲ್ಲೇ ದೊಡ್ಡವಳಾದ ಹುಡುಗಿ ಬೆಂಚು ಬಿಟ್ಟು ಏಳದೆ ಕೂತರೆ ನಮಗಿಂತ ಮೊದಲು ಆಯಮ್ಮನಿಗೆ ಗೊತ್ತಾಗುತ್ತಿತ್ತು. ಸೆರಗು ಮರೆ ಮಾಡಿ ಕರೆದುಕೊಂಡು ಹೋಗಿ, ಮುಖ ತೊಳೆಸಿ, ಮನೆಯವರೆಗೂ ಬಿಟ್ಟು ಬರುತ್ತಿದ್ದರು. ಆ ಮಾರನೆಯ ದಿನದಿಂದ ಶಾಲೆ ಬಿಡಿಸಲು ನೋಡುವ ತಾಯಂದಿರ ಹತ್ತಿರ ಜಗಳವಾಡುತ್ತಿದ್ದವರೂ ಅವರೇ. ಇವತ್ತು ನರ್ಸ್, ಟೀಚರ್, ಪೊಲೀಸ್ ಆಗಿರುವ ಎಷ್ಟೋ ಹುಡುಗಿಯರು ಆ ಟ್ರಂಕಿನ ಋಣದಲ್ಲಿದ್ದಾರೆ.

ಒಂದು ಮಾತು ಹೇಳದೆ ಹೋದರೆ ಈ ಬರಹ ಸುಳ್ಳಾಗುತ್ತದೆ. ಮೊದಲ ಎರಡು ವರ್ಷ ಅವರು ತುಂಬಿಟ್ಟ ನೀರನ್ನು ನಾನು ಕುಡಿಯಲಿಲ್ಲ. ಮನೆಯಿಂದ ಬಾಟಲಿ ತರುತ್ತಿದ್ದೆ. ಕೇಳಿದವರಿಗೆ ಬೋರ್‌ವೆಲ್ ನೀರಿನಲ್ಲಿ ಫ್ಲೋರೈಡ್ ಇದೆ ಎನ್ನುತ್ತಿದ್ದೆ. ನಮ್ಮ ಜಿಲ್ಲೆಯ ನೀರಿನಲ್ಲಿ ಫ್ಲೋರೈಡ್ ಇರುವುದು ನಿಜ. ನನ್ನ ಕಾರಣ ಅದಲ್ಲ ಎಂಬುದೂ ಅಷ್ಟೇ ನಿಜ. ಒಂದು ದಿನ ತಲೆ ಸುತ್ತಿ ಬಿದ್ದಾಗ ಬಾಯಿಗೆ ನೀರು ಹಾಕಿದವರು ಆಯಮ್ಮ. ಕಣ್ಣು ಬಿಟ್ಟಾಗ, "ನೀರು ನಂದೇ ಅಮ್ಮಣ್ಣಿ, ತಪ್ಪು ತಿಳ್ಕೋಬೇಡಿ" ಎಂದರು. ಅವರಿಗೆ ಎಲ್ಲ ಗೊತ್ತಿತ್ತು. ಮಾರನೆಯ ದಿನದಿಂದ ಬಾಟಲಿ ಬಿಟ್ಟೆ. ಆ ಮಾತಿಗೆ ಉತ್ತರ ಮಾತ್ರ ಕೊಡಲಿಲ್ಲ.

2021ರ ಮೇ ತಿಂಗಳಲ್ಲಿ, ಕೊರೊನಾದ ಎರಡನೆಯ ಅಲೆಯಲ್ಲಿ ಅವರು ತೀರಿಕೊಂಡರು. ಸುದ್ದಿ ಬಂದದ್ದು ಮೂರನೆಯ ದಿನ, ವಾಟ್ಸಾಪ್‌ನಲ್ಲಿ. ಮಗಳನ್ನು ಬಿಟ್ಟರೆ ಯಾರೂ ಮುಖ ನೋಡಲಿಲ್ಲ. ಶಾಲೆ ತೆರೆದ ಮೇಲೆ ಪ್ರಾರ್ಥನೆಯಲ್ಲಿ ಎರಡು ನಿಮಿಷ ಮೌನ ನಿಂತೆವು. ಅಷ್ಟೇ.

ಆ ಫೋನಿನ ಮಾರನೆಯ ದಿನ ಸ್ಟಾಫ್ ರೂಮಿನಲ್ಲಿ ನಾನು ಮಾತು ತೆಗೆದೆ. ನಮ್ಮ ಹುಡುಗಿಯರಿಗೆ ಥ್ರೋಬಾಲ್ ಎಂದರೆ ಪ್ರಾಣ. ಆಯಮ್ಮನ ಹೆಸರಿನಲ್ಲಿ ವರ್ಷಕ್ಕೊಂದು ದಿನ ಆಡಿಸೋಣ ಎಂದೆ. ಒಬ್ಬರು "ಆಯಾ ಹೆಸರಿನಲ್ಲಿ ಕಪ್ಪಾ?" ಎಂದು ನಕ್ಕರು. ಇನ್ನೊಬ್ಬರು ದುಡ್ಡು ಎಲ್ಲಿ ಎಂದರು. ಊರಿನ ಒಬ್ಬ ವ್ಯಾಪಾರಸ್ಥರು ಮುಂದೆ ಬಂದರು. ಖರ್ಚೆಲ್ಲ ತಮ್ಮದು, ಊಟವೂ ತಮ್ಮದೇ, ಆದರೆ ಕಪ್ಪಿಗೆ ತಮ್ಮ ದಿವಂಗತ ತಂದೆಯವರ ಹೆಸರಿರಬೇಕು, ಭಾಷಣದಲ್ಲಿ ಆಯಮ್ಮನನ್ನು ಬೇಕಾದರೆ ನೆನೆಯಬಹುದು. ನಾನು ಒಪ್ಪುವ ಹಂತಕ್ಕೆ ಬಂದಿದ್ದೆ. ಆಟ ನಡೆಯುವುದು ಮುಖ್ಯ ತಾನೇ ಎಂದು ನನಗೆ ನಾನೇ ಸಮಾಧಾನ ಹೇಳಿಕೊಂಡೆ. ತಡೆದವರು ನಮ್ಮ ಪಿ.ಟಿ. ಟೀಚರ್. ಸಣ್ಣ ವಯಸ್ಸಿನವರು, ನಮ್ಮ ಶಾಲೆಯಲ್ಲೇ ಓದಿದವರು. "ಮೇಡಂ, ನೀವೇ ಪಾಠ ಮಾಡಿದ್ದು. ಕಲ್ಲಿನಲ್ಲಿ ಮೊದಲು ರಾಜನ ಹೆಸರಿರುತ್ತೆ, ಆದರೂ ಕಲ್ಲು ಸತ್ತವನದ್ದು ಅಂತ. ಇಲ್ಲಿ ಕಲ್ಲನ್ನೇ ಕೊಟ್ಟುಬಿಡ್ತೀರಾ?" ಎಂದರು. ನನ್ನ ಪಾಠ ನನಗೇ ಒಪ್ಪಿಸಿದ ಹಾಗಾಯಿತು.

ಹಳೆಯ ವಿದ್ಯಾರ್ಥಿನಿಯರಿಗೆ ಹೇಳಿಕಳಿಸಿದೆವು. ನೂರು, ಇನ್ನೂರು, ಐನೂರು ಎಂದು ಬಂತು. ನ್ಯೂಜಿಲೆಂಡಿನವಳೂ ಕಳಿಸಿದಳು. ಕಪ್ ತಂದೆವು. ಅಂಗಡಿಯವನು ಹೆಸರು ಕೊರೆಯಲು ಚೀಟಿಯಲ್ಲಿ ಬರೆದುಕೊಡಿ ಎಂದಾಗ ನಮ್ಮ ಕೈ ನಿಂತಿತು. ಹೆಸರೇನು? ಹಾಜರಿ ಪುಸ್ತಕದಲ್ಲಿಲ್ಲ, ಆಕೆ ಕಾಯಂ ಅಲ್ಲವಲ್ಲ. ವೋಚರುಗಳಲ್ಲಿ "ಆಯಾ ಕೂಲಿ", ಕೆಳಗೆ ಹೆಬ್ಬೆಟ್ಟು. ಮೂವತ್ತು ವರ್ಷದ ವೋಚರು, ಒಂದರಲ್ಲೂ ಹೆಸರಿಲ್ಲ. ಮುಖವಿಲ್ಲದ ಮಾಸ್ತಿಕಲ್ಲಿನ ತೋಳು ನೆನಪಾಯಿತು. ಸಾವಿರ ವರ್ಷದ ಹಿಂದಿನ ಒಂದು ನಾಯಿಯ ಹೆಸರು ನನಗೆ ಗೊತ್ತಿತ್ತು, ನನ್ನ ಬಾಯಿಗೆ ನೀರು ಹಾಕಿದವಳದು ಗೊತ್ತಿರಲಿಲ್ಲ.

ಕೇರಿಗೆ ಹೋದೆವು. ಅಷ್ಟು ವರ್ಷದಲ್ಲಿ ನಾನು ಅಲ್ಲಿಗೆ ಹೋದದ್ದು ಅದೇ ಮೊದಲು. ರೇಷನ್ ಕಾರ್ಡಿನಲ್ಲಿ ಒಂದು ಹೆಸರು, ಓಟಿನ ಚೀಟಿಯಲ್ಲಿ ಇನ್ನೊಂದು. ಮಗಳು ಎರಡೂ ತಪ್ಪು ಎಂದು ಸರಿಯಾದ ಹೆಸರು ಹೇಳಿದರು. ಒಂದು ಹೂವಿನ ಹೆಸರು. ಅದನ್ನು ನಾನು ಇಲ್ಲಿ ಬರೆಯುವುದಿಲ್ಲ. "ಪೇಪರಲ್ಲಿ ಪುಸ್ತಕದಲ್ಲಿ ಬೇಡಮ್ಮಾ, ಮಕ್ಕಳು ಆಡೋ ಕಡೆ ಇರಲಿ" ಎಂದು ಮಗಳು ಕೇಳಿಕೊಂಡರು. ಕಪ್ಪಿನ ಮೇಲೆ ಇದೆ.

2023ರ ಜನವರಿಯಲ್ಲಿ, ಸಂಕ್ರಾಂತಿ ಕಳೆದ ಮೇಲೆ ಮೊದಲ ಆಟ ನಡೆಯಿತು. ಮಾವಿನ ಕಾಲ ಬಂದರೆ ಹುಡುಗಿಯರು ತೋಟದ ಕೆಲಸಕ್ಕೆ ಹೋಗುತ್ತಾರೆ, ಅದಕ್ಕೇ ಜನವರಿ. ನಾಲ್ಕೂ ತಾಲ್ಲೂಕಿನಿಂದ ಎಂಟು ತಂಡ. ಅಂಕಣದಲ್ಲಿ ಏಳು ಜನ ಇರಬೇಕು, ಅದರಲ್ಲಿ ಇಬ್ಬರಾದರೂ ಶಾಲೆ ಬಿಟ್ಟು ಹೋದ ಹಳಬರಿರಬೇಕು ಎಂಬ ನಿಯಮ ನಮ್ಮದೇ. ಚೂಡಿದಾರದ ದುಪ್ಪಟ್ಟಾ ಸೊಂಟಕ್ಕೆ ಬಿಗಿದು, ಎರಡು ಮಕ್ಕಳ ತಾಯಂದಿರು ಚೆಂಡು ಎಸೆದರು. ಮಾಲೂರಿನ ತಂಡ ಗೆದ್ದಿತು. ಖರ್ಚು ಕಳೆದು ಉಳಿದ ಹಣಕ್ಕೆ ಲೆಕ್ಕ ಬೇರೆ ಇಟ್ಟೆವು. ಅದು ಆಯಮ್ಮನ ಟ್ರಂಕಿಗೆ. ಪ್ಯಾಡು, ಬಟ್ಟೆ, ಸೋಪು ಎಂದೂ ಖಾಲಿಯಾಗಬಾರದು. ನನ್ನ ಲೆಕ್ಕದಲ್ಲಿ ಅದೇ ಕಲ್ನಾಡು.

ಮಗಳನ್ನು ಮುಂದಿನ ಸಾಲಿನ ಕುರ್ಚಿಯಲ್ಲಿ ಕೂರಿಸಿದ್ದೆವು. ಆಕೆಯೂ ಇನ್ನೊಂದು ಕಡೆ ಇದೇ ಕೆಲಸ ಮಾಡುತ್ತಾರೆ. ಬಿಸಿಲು ಏರಿತು, ಆಟಗಾರ್ತಿಯರು ಬೆವರು ಒರೆಸಿಕೊಳ್ಳುತ್ತಾ ಬಂದರು. ಆಕೆ ತಟ್ಟನೆ ಎದ್ದು ನೀರಿನ ಬಿಂದಿಗೆಯ ಕಡೆ ನಡೆದರು. ಕೈಗೆ ಅಭ್ಯಾಸ. ನಾನು ಅಡ್ಡ ಹೋಗಿ, "ಕೂತ್ಕೊಳ್ಳಿ ಅಮ್ಮ" ಎಂದೆ. ಲೋಟ ತೊಳೆದು, ನೀರು ತುಂಬಿ, ಎರಡೂ ಕೈಯಲ್ಲಿ ಹಿಡಿದು ಕೊಟ್ಟೆ. ಆಕೆ ಒಂದು ಗಳಿಗೆ ನನ್ನ ಮುಖ ನೋಡಿದರು. ತಾಯಿ ಮನೆಯಲ್ಲಿ ಏನೇನು ಹೇಳಿದ್ದರೋ. ಆಮೇಲೆ ತೆಗೆದುಕೊಂಡು ಕುಡಿದರು. ಲೋಟವನ್ನು ನಾನೇ ವಾಪಸ್ಸು ಇಸಕೊಂಡೆ. ಅಷ್ಟರಲ್ಲಿ ಸೀಟಿ ಊದಿದರು, ಮುಂದಿನ ಆಟ ಶುರುವಾಯಿತು.